ಸರ್ವರ್ ಪಕ್ಕದ ಟೇಬಲ್‌ನಲ್ಲೇ ಇತ್ತು

ಕೌಂಟರ್-ಸ್ಟ್ರೈಕ್ 1.6 ಎಂಬ ಕಂಪ್ಯೂಟರ್ ಶೂಟಿಂಗ್ ಆಟ ಬಂದದ್ದು 2003ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಎಷ್ಟೋ ಶೂಟಿಂಗ್ ಆಟಗಳು ಬಂದವು, ಹೋದವು. ಇದು ಮಾತ್ರ ಇವತ್ತಿಗೂ ಓಡುತ್ತಿದೆ. ಆ ಕಾಲದಲ್ಲಿ ಮೈಸೂರಿನ ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ರೂಮ್ ಮಾಡಿಕೊಂಡು ಓದಿದವರನ್ನು ಕೇಳಿ. ಯಾವುದಾದರೂ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಒಂದು ಕಾಪಿ ಸಿಕ್ಕೇ ಸಿಗುತ್ತದೆ. ದಸರಾ ರಜೆಗೆ ಗೆಳೆಯರು ಸೇರಿದಾಗ ಎರಡು ಲ್ಯಾಪ್‌ಟಾಪ್ ಇದ್ದರೆ ಸಾಕು, ಆಟ ಶುರು. ಇತ್ತೀಚೆಗೆ ನಾನೂ ಮತ್ತೆ ಕೂತು ಆಡಿದೆ. ಗೋಡೆ, ಮುಖ, ಬಂದೂಕು ಎಲ್ಲವೂ ಈಗಿನ ಕಣ್ಣಿಗೆ ಒರಟಾಗಿ ಕಾಣುತ್ತವೆ. ಹಾಗಿದ್ದರೂ ಒಂದು ರೌಂಡ್ ಮುಗಿದ ಕೂಡಲೇ ಇನ್ನೊಂದು ಬೇಕು ಅನ್ನಿಸುತ್ತದೆ.

ಇಷ್ಟು ವರ್ಷ ಇದು ಉಳಿದದ್ದು ಹೇಗೆ? ನೆನಪಿನ ಮೇಲಿನ ಪ್ರೀತಿ ಒಂದು ಕಾರಣ ಇರಬಹುದು. ಅದಕ್ಕಿಂತ ದೊಡ್ಡ ಕಾರಣ ಅಂದರೆ, ಈ ಆಟ ಆಡಿಸಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಇದು ಹುಟ್ಟಿದ್ದೂ ಹಾಗೆಯೇ. ವಾಲ್ವ್ ಕಂಪನಿ 1998ರ ನವೆಂಬರ್‌ನಲ್ಲಿ ಹಾಫ್-ಲೈಫ್ ಎಂಬ ಶೂಟಿಂಗ್ ಆಟ ಬಿಡುಗಡೆ ಮಾಡಿತು. ಅದರ ಎಂಜಿನ್, ಅಂದರೆ ಆಟವನ್ನು ಓಡಿಸುವ ಮೂಲ ಸಾಫ್ಟ್‌ವೇರ್, 1996ರ ಕ್ವೇಕ್ ಆಟದ ಎಂಜಿನ್‌ನಿಂದ ಬೆಳೆದದ್ದು. ಆಟವನ್ನು ಬಿಚ್ಚಿ ಬೇರೆ ಆಟ ಕಟ್ಟುವ ಸಾಧನಗಳನ್ನೂ ವಾಲ್ವ್ ಜನರ ಕೈಗೆ ಕೊಟ್ಟಿತು. ಕೆನಡಾದಲ್ಲಿ ಓದುತ್ತಿದ್ದ ಮಿನ್ ಲೀ, ಅಮೆರಿಕದ ಜೆಸ್ ಕ್ಲಿಫ್ ಸೇರಿ 1999ರ ಜೂನ್‌ನಲ್ಲಿ ಕೌಂಟರ್-ಸ್ಟ್ರೈಕ್‌ನ ಮೊದಲ ಬೀಟಾ (ಪರೀಕ್ಷಾ ಆವೃತ್ತಿ) ಹೊರತಂದರು. ಹಾಫ್-ಲೈಫ್ ಇದ್ದವರಿಗೆ ಅದು ಪುಕ್ಕಟೆ. ಮೊದಮೊದಲು ಒತ್ತೆಯಾಳುಗಳನ್ನು ಬಿಡಿಸುವ ಆಟವಷ್ಟೇ ಇತ್ತು, ಒಂದು ತಂಡ ಬಾಂಬ್ ಇಟ್ಟು ಇನ್ನೊಂದು ತಂಡ ಅದನ್ನು ನಿಷ್ಕ್ರಿಯ ಮಾಡುವ ಆಟ ಬಂದದ್ದು ಆಮೇಲೆ. 2000ದ ಹೊತ್ತಿಗೆ ವಾಲ್ವ್ ಆ ಇಬ್ಬರನ್ನೂ ಕೆಲಸಕ್ಕೆ ಸೇರಿಸಿಕೊಂಡಿತ್ತು. ಅದೇ ನವೆಂಬರ್‌ನಲ್ಲಿ ಆಟ ಡಬ್ಬಿಯಲ್ಲಿ ಅಂಗಡಿಗೆ ಬಂತು. ಎಲ್ಲರಿಗೂ ಗೊತ್ತಿರುವ ಡಸ್ಟ್ ಮತ್ತು ಡಸ್ಟ್ 2 ಮ್ಯಾಪ್‌ಗಳನ್ನು (ಆಟ ನಡೆಯುವ ಜಾಗಗಳನ್ನು) ಕಟ್ಟಿದ್ದು ಇಂಗ್ಲೆಂಡಿನ ಡೇವ್ ಜಾನ್‌ಸ್ಟನ್. ಆಗ ಅವರಿನ್ನೂ ಹದಿಹರೆಯದ ಹುಡುಗ. ಆಡುವವರೇ ಕಟ್ಟಿದ ಆಟ ಇದು.

ಆಟದ ಲೆಕ್ಕಾಚಾರ ಸರಳ, ಆದರೆ ಬಿಗಿ. ಮೊದಲ ರೌಂಡಿಗೆ ಕೈಯಲ್ಲಿ ಆಟದೊಳಗಿನ 800 ಡಾಲರ್. ಗುಂಡು ತಡೆಯುವ ಕೆವ್ಲಾರ್ ಕವಚಕ್ಕೆ 650 ಕೊಟ್ಟರೆ ಉಳಿಯುವುದು ಚಿಲ್ಲರೆ. ಎಕೆ-47ಕ್ಕೆ 2500, ಎಡಬ್ಲ್ಯೂಪಿ ಸ್ನೈಪರ್‌ಗೆ 4750. ಸೋತ ತಂಡ ದುಡ್ಡು ಉಳಿಸಿಕೊಳ್ಳಲು ಒಂದು ರೌಂಡ್ ಪಿಸ್ತೂಲಿನಲ್ಲೇ ಕಳೆಯಬೇಕು. ಓಡುತ್ತಾ ಹೊಡೆದರೆ ಗುಂಡು ದಿಕ್ಕಾಪಾಲು. ನಿಂತು, ಎರಡೋ ಮೂರೋ ಗುಂಡು ಬಿಟ್ಟು, ಮತ್ತೆ ಗುರಿ ಹಿಡಿಯಬೇಕು. ಸತ್ತರೆ ರೌಂಡ್ ಮುಗಿಯುವವರೆಗೂ ಸುಮ್ನೆ ನೋಡುತ್ತಾ ಕೂರಬೇಕು. ಹಾಗಾಗಿ ಜೀವಕ್ಕೆ ಬೆಲೆ ಇತ್ತು.

ಮೈಸೂರಿನ ಸೈಬರ್ ಕೆಫೆಗಳಲ್ಲಿ ಇದರ ಮಜಾನೇ ಬೇರೆ. ಆಗ ಇಂಟರ್ನೆಟ್ ತುಂಬಾ ನಿಧಾನ. 2004ರ ಕೇಂದ್ರ ಸರ್ಕಾರದ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೇ ಬ್ರಾಡ್‌ಬ್ಯಾಂಡ್. ಅಷ್ಟನ್ನು ಹತ್ತು ಕಂಪ್ಯೂಟರ್ ಹಂಚಿಕೊಂಡರೆ ಮೇಲ್ ತೆರೆಯುವುದೇ ಕಷ್ಟ. ಕೌಂಟರ್-ಸ್ಟ್ರೈಕ್‌ಗೆ ಅದರ ಅಗತ್ಯವೇ ಇರಲಿಲ್ಲ. ಕಂಪ್ಯೂಟರ್‌ಗಳನ್ನು ಜೋಡಿಸುವ ಒಂದು ನೆಟ್‌ವರ್ಕ್ ಸ್ವಿಚ್, ನಾಲ್ಕಾರು ಕೇಬಲ್. ಒಬ್ಬ 'ನ್ಯೂ ಗೇಮ್' ಒತ್ತಿ ಮ್ಯಾಪ್ ಆರಿಸಿದರೆ ಅವನ ಯಂತ್ರವೇ ಸರ್ವರ್, ಅಂದರೆ ಎಲ್ಲರ ಆಟವನ್ನೂ ನಡೆಸುವ ಕಂಪ್ಯೂಟರ್. ಉಳಿದವರಿಗೆ ಲ್ಯಾನ್ (ಅಂಗಡಿಯೊಳಗಿನ ಜಾಲ) ಪಟ್ಟಿಯಲ್ಲಿ ಅದು ಕಾಣುತ್ತಿತ್ತು. 500 ಮೆಗಾಹರ್ಟ್ಸ್ ಪ್ರೊಸೆಸರ್, 96 ಎಂಬಿ ರ್‍ಯಾಮ್ ಇದ್ದರೆ ಆಟ ಓಡುತ್ತಿತ್ತು. ಆಫೀಸಿನವರು ಮಾರಿದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್‌ಗೂ ಇದು ಭಾರವಲ್ಲ.

ಹೆಡ್‌ಫೋನ್ ಮೈಕ್ ಯಾರಿಗೆ ಬೇಕಿತ್ತು? ಪ್ಲೈವುಡ್ ಅಡ್ಡಗೋಡೆ ಮೇಲಿಂದ ಕೂಗಿದರೆ ಮುಗಿಯಿತು. "ಲೋ, ಬಿ ಟನಲ್‌ನಲ್ಲಿ ಇಬ್ರು ಅವ್ರೆ!" "ಮಗಾ, ಲಾಂಗ್ ನೋಡ್ಕೋ!" (ಬಿ ಟನಲ್, ಲಾಂಗ್ ಎರಡೂ ಮ್ಯಾಪಿನೊಳಗಿನ ಜಾಗಗಳು.) ಎದುರು ತಂಡಕ್ಕೂ ಅದು ಕೇಳಿಸುತ್ತಿತ್ತು, ಹಾಗಾಗಿ ಸುಳ್ಳು ಕೂಗುವುದೂ ಒಂದು ತಂತ್ರ. ಬಾಂಬ್ ಇಟ್ಟಾಗಿದೆ, ಬೀಪ್ ಜೋರಾಗುತ್ತಿದೆ, ಉಳಿದಿರುವವನು ಒಬ್ಬನೇ. ಬಾಂಬ್ ನಿಷ್ಕ್ರಿಯ ಮಾಡಲು ಕಿಟ್ ಇದ್ದರೆ 5 ಸೆಕೆಂಡ್, ಇಲ್ಲದಿದ್ದರೆ 10. 'ಇ' ಕೀ ಒತ್ತಿ ಹಿಡಿದು ಅಲ್ಲಾಡದೆ ಕೂರಬೇಕು. ಅಷ್ಟರಲ್ಲಿ ಸತ್ತವರೆಲ್ಲ ಅವನ ಕುರ್ಚಿ ಹಿಂದೆ ಬಂದು ನಿಂತಿರುತ್ತಿದ್ದರು. ಆ ಹೊತ್ತಿಗೇ ಕರೆಂಟ್ ಹೋದರೆ ಇಡೀ ಅಂಗಡಿಯೇ 'ಅಯ್ಯೋ' ಅನ್ನುತ್ತಿತ್ತು. "ಅಣ್ಣ, ಟೈಮ್ ನಿಲ್ಸಿ" ಅನ್ನುವುದು ಆಮೇಲಿನ ಮಾತು.

ಒಂದು ವಿಷಯ ಮುಚ್ಚಿಡಬಾರದು. ಆ ಕಾಪಿಗಳಲ್ಲಿ ಹೆಚ್ಚಿನವು ಕದ್ದವು. 1.6 ಜೊತೆಗೇ ವಾಲ್ವ್ ತನ್ನ ಆನ್‌ಲೈನ್ ಆಟದ ವ್ಯವಸ್ಥೆ 'ಸ್ಟೀಮ್' ತಂದಿತು. 2004ರ ಜುಲೈನಲ್ಲಿ ಅದುವರೆಗೆ ಆನ್‌ಲೈನ್ ಆಟಕ್ಕೆ ಬಳಸುತ್ತಿದ್ದ ಹಳೆಯ ವಾನ್ ವ್ಯವಸ್ಥೆಯನ್ನು ಮುಚ್ಚಿತು. ಆಮೇಲೆ ಆಟ ಕೊಂಡವರು ಖಾತೆ ತೆರೆದು ಲಾಗಿನ್ ಆಗಬೇಕಿತ್ತು. ನಮ್ಮ ಕಡೆ ಆಗ ಕ್ರೆಡಿಟ್ ಕಾರ್ಡ್ ಇದ್ದ ವಿದ್ಯಾರ್ಥಿ ಎಲ್ಲಿ ಸಿಗಬೇಕು? ಸ್ಟೀಮ್ ಖಾತೆ ಬೇಡದ 'ನಾನ್-ಸ್ಟೀಮ್' ಕಾಪಿ ಸಿಡಿಯಲ್ಲಿ, ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಹೋಯಿತು. ಅದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ನನಗೆ ಗೊತ್ತಿರುವಂತೆ ಮೈಸೂರು, ಮಂಡ್ಯದ ಹಾಸ್ಟೆಲ್‌ಗಳಿಗೆ ಈ ಆಟ ಬಂದದ್ದು ಆ ದಾರಿಯಲ್ಲೇ.

ಸೈಬರ್‌ಗಳು ಒಂದೇ ಏಟಿಗೆ ಮುಚ್ಚಲಿಲ್ಲ. 2011ರ ಕೇಂದ್ರದ ನಿಯಮಗಳು ಗುರುತಿನ ಚೀಟಿ, ರಿಜಿಸ್ಟರ್ ಕಡ್ಡಾಯ ಮಾಡಿದವು. ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು ಎಂದವು. ಮನೆಗಳಿಗೆ ಲ್ಯಾಪ್‌ಟಾಪ್ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಎಲ್ಲರ ಜೇಬಿಗೂ ಇಂಟರ್ನೆಟ್ ಬಂತು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುವವರು ಕಡಿಮೆಯಾದರು. ಅಂಗಡಿಗಳು ಝೆರಾಕ್ಸ್, ಆನ್‌ಲೈನ್ ಅರ್ಜಿಗೆ ಹೊರಳಿದವು.

ಇಂಥ ಆಟಗಳು ಫೋನಿಗೆ ಬಂದಾಗ ಸರ್ವರ್ ಕಂಪನಿಯ ಕೈಗೆ ಹೋಯಿತು. ಇದರ ಬಿಸಿ ನಮಗೆ ತಟ್ಟಿದ್ದು 2020ರಲ್ಲಿ. ಸೆಪ್ಟೆಂಬರ್ 2ರಂದು ಸರ್ಕಾರ ಪಬ್ಜಿ ಮೊಬೈಲ್ ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಭಾರತದ ಆಟಗಾರರಿಗೆ ಸರ್ವರ್ ನಿಂತಿತು. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಾನು ನೋಡುವುದು ಆಟವನ್ನು ಕಟ್ಟಿರುವ ರೀತಿಯನ್ನು. ಮಂಡ್ಯದ ಒಂದೇ ರೂಮಿನಲ್ಲಿ, ಒಂದೇ ಚಾಪೆ ಮೇಲೆ ಕೂತ ನಾಲ್ವರು ಕೂಡ ದೂರದ ಸರ್ವರ್ ಇಲ್ಲದೆ ಆಡಲಾರರು. ಫೋನ್‌ಗಳ ನಡುವೆ ಎರಡಡಿ ಅಂತರವಿದ್ದರೂ ಅಷ್ಟೇ.

ಕೌಂಟರ್-ಸ್ಟ್ರೈಕ್‌ನ ಹೊಸ ಆವೃತ್ತಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2023ರ ಸೆಪ್ಟೆಂಬರ್ 27ರಂದು ಕೌಂಟರ್-ಸ್ಟ್ರೈಕ್ 2 ಬಂದಾಗ ಅದು ಹಿಂದಿನ ಆವೃತ್ತಿ ಸಿಎಸ್: ಗೋ ಜಾಗದಲ್ಲೇ ಕೂತಿತು. ಮ್ಯಾಕ್‌ನಲ್ಲಿ, ಹಳೆಯ 32-ಬಿಟ್ ಯಂತ್ರಗಳಲ್ಲಿ ಆಡುತ್ತಿದ್ದವರು ಹೊರಗುಳಿದರು. ಅದಕ್ಕೂ ಕಠಿಣವಾದದ್ದು ಯೂಬಿಸಾಫ್ಟ್‌ನ 'ದಿ ಕ್ರ್ಯೂ' ಕಥೆ. ಅದು ಕಾರ್ ರೇಸ್ ಆಟ. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದ ಮೇಲೆ ದುಡ್ಡು ಕೊಟ್ಟು ಕೊಂಡವರೂ ಒಬ್ಬರೇ ಕೂತು ಆಡುವ ಹಾಗಿರಲಿಲ್ಲ. ಇದರ ವಿರುದ್ಧ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಅಭಿಯಾನ ಎದ್ದಿತು. ಯುರೋಪಿಯನ್ ಒಕ್ಕೂಟದಲ್ಲಿ ಅದಕ್ಕೆ 10 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದಿವೆ. ಸರ್ವರ್‌ಗಳನ್ನು ಎಂದೆಂದಿಗೂ ನಡೆಸಿ ಎಂದು ಅವರು ಕೇಳುತ್ತಿಲ್ಲ. ಮುಚ್ಚುವಾಗ ಆಟ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅನ್ನುತ್ತಿದ್ದಾರೆ. ನ್ಯಾಯವಾದ ಬೇಡಿಕೆ, ಅಲ್ವಾ? 1.6ರಲ್ಲಿ ಅದು ಕೇಳದೆಯೇ ಸಿಕ್ಕಿತ್ತು.

ಮತ್ತೆ ಆಡಬೇಕು ಅನ್ನಿಸಿದರೆ ಈಗ ಕದ್ದ ಕಾಪಿ ಬೇಡ. ಸ್ಟೀಮ್‌ನಲ್ಲಿ ಆಟ ಇನ್ನೂ ಮಾರಾಟಕ್ಕಿದೆ, ದುಬಾರಿಯೂ ಅಲ್ಲ. ಎಲ್ಲ ಲ್ಯಾಪ್‌ಟಾಪ್‌ಗಳನ್ನೂ ಒಂದೇ ರೂಟರ್‌ಗೆ ಹಾಕಿ. ಒಬ್ಬರು ಡಸ್ಟ್ 2 ಶುರು ಮಾಡಿ. ಪಟ್ಟಿಯಲ್ಲಿ ಸರ್ವರ್ ಕಾಣದಿದ್ದರೆ ಮೊದಲು ವಿಂಡೋಸ್ ಫೈರ್‌ವಾಲ್ ನೋಡಿ, ಸಾಮಾನ್ಯವಾಗಿ ತಡೆಯುವುದು ಅದೇ. ಆಗಲೂ ಕಾಣದಿದ್ದರೆ ಕನ್ಸೋಲ್ (ಆಟದೊಳಗೆ ಆದೇಶ ಬರೆಯುವ ಕಿಟಕಿ) ತೆರೆದು 'ಕನೆಕ್ಟ್' ಎಂದು ಬರೆದು, ಮುಂದೆ ಸರ್ವರ್ ಯಂತ್ರದ ಐಪಿ ನಂಬರ್ ಹಾಕಿ.