ಟೀಪಾಯಿಯಲ್ಲಿ ಟೀ ಎಲ್ಲಿದೆ?

ಪ್ರಶ್ನೆ: ಸೋಫಾ ಮುಂದಿನ ಗಿಡ್ಡ ಮೇಜಿಗೆ ನಮ್ಮ ಮನೆಯಲ್ಲಿ ಎಲ್ಲರೂ ಟೀಪಾಯಿ ಅಂತೀವಿ. ಇಂಗ್ಲಿಷ್ ಪದ ಅಂತಲೇ ತಿಳಿದಿದ್ದೆ. ವಿದೇಶದಲ್ಲಿರುವ ಮಗಳ ಮನೆಗೆ ಹೋದಾಗ ಅಂಗಡಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಾಗಲಿಲ್ಲ. ಟೀ ಕಪ್ ಇಡುವುದರಿಂದ ಈ ಹೆಸರು ಬಂತೇ? ಹಾಗಾದರೆ ‘ಪಾಯಿ’ ಅಂದರೇನು?

ಉತ್ತರ: ‘ಪಾಯಿ’ಯಿಂದಲೇ ಶುರುಮಾಡೋಣ, ಗುಟ್ಟು ಇರುವುದು ಅಲ್ಲೇ. ಪಾಯಿ ಅಂದರೆ ಕಾಲು. ಫಾರ್ಸಿಯ ‘ಪಾಯ್’, ಸಂಸ್ಕೃತದ ‘ಪಾದ’ ಒಂದೇ ಬೇರಿನ ಮಾತುಗಳು. ಪೈಜಾಮದ ‘ಪೈ’ ಕೂಡ ಅದೇ, ಕಾಲಿಗೆ ತೊಡುವ ಬಟ್ಟೆ. ನಾಲ್ಕು ಕಾಲಿನ ಹಗ್ಗದ ಮಂಚ ಚಾರ್‌ಪಾಯಿಯಾದರೆ, ಮೂರು ಕಾಲಿನ ಪುಟ್ಟ ಮೇಜು ತಿಪಾಯಿ. ಹಿಂದಿಯ ‘ತೀನ್’ ಜೊತೆ ಪಾಯಿ ಸೇರಿದೆ. ಕನ್ನಡದ ‘ಮುಕ್ಕಾಲಿ’ಯನ್ನು ಕಟ್ಟಿರುವುದೂ ಹೀಗೆಯೇ. ಚಹಾಕ್ಕೂ ಈ ಪದದ ಹುಟ್ಟಿಗೂ ನಂಟೇ ಇಲ್ಲ.

ಈ ವಿಷಯವನ್ನು ಸ್ಪಷ್ಟವಾಗಿ ಬರೆದಿಟ್ಟದ್ದು 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’, ಭಾರತದಲ್ಲಿದ್ದ ಇಂಗ್ಲಿಷರ ಮಾತಿನ ಕೋಶ. ಹೆನ್ರಿ ಯೂಲ್ ಜೊತೆ ಅದನ್ನು ಕಟ್ಟಿದ ಆರ್ಥರ್ ಬರ್ನೆಲ್ ನಮಗೆ ತೀರ ಹೊರಗಿನವನಲ್ಲ. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಆತ ಬರೆದ ಪುಸ್ತಕ 1874ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ.

ಕೋಶ ಒಂದು ಸೊಗಸಾದ ಊಹೆಯನ್ನೂ ಮುಂದಿಡುತ್ತದೆ. ಫಾರ್ಸಿಯಲ್ಲಿ ಮೂರಕ್ಕೆ ‘ಸಿಹ್’. ಆ ಲೆಕ್ಕದಲ್ಲಿ ಮೂರು ಕಾಲಿನ ಮೇಜು ‘ಸಿಪಾಯಿ’ ಆಗಬೇಕಿತ್ತು. ಆದರೆ ದಂಡಿನ ಸಿಪಾಯಿ ಆಗಲೇ ಎಲ್ಲರ ಬಾಯಲ್ಲಿದ್ದ. ಸಿಪಾಯಿಯನ್ನು ತಾ ಅಂದರೆ ಆಳು ಮೇಜು ತರಬೇಕೋ, ಸೈನಿಕನನ್ನು ಕರೆತರಬೇಕೋ! ಈ ಗೊಂದಲ ಬೇಡವೆಂದೇ ಯಾರೋ ಯುರೋಪಿಯನ್ನರು ಚಾರ್‌ಪಾಯಿಯ ಮಾದರಿಯಲ್ಲಿ ‘ತಿಪಾಯಿ’ ಎಂದು ಹೊಸೆದಿರಬಹುದು ಎನ್ನುತ್ತದೆ ಕೋಶ. ಊಹೆಯಾದರೂ ನನಗೆ ಬಹಳ ಇಷ್ಟವಾದದ್ದು.

ಪದ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ ಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಅಲ್ಲಿಯವರಿಗೆ ‘ತಿ’ ಕೇಳಿಸಿದ್ದು ‘ಟೀ’ ಎಂದು. ಅಪರಿಚಿತ ಸದ್ದನ್ನು ಪರಿಚಿತ ಪದಕ್ಕೆ ಹೊಂದಿಸಿಕೊಳ್ಳುವುದು ಎಲ್ಲ ಭಾಷೆಯವರ ಕಿವಿಯೂ ಮಾಡುವ ಕೆಲಸ. ಇಲ್ಲಿ ಮಾತ್ರ ಆ ತಪ್ಪು ತಿಳಿವಳಿಕೆ ಬಡಗಿಯ ಉಳಿಯವರೆಗೂ ಹೋಯಿತು. ಹೆಸರಲ್ಲಿ ಟೀ ಇದ್ದ ಮೇಲೆ ವಸ್ತುವಿನಲ್ಲೂ ಟೀ ಇರಲಿ ಎಂಬಂತೆ, 19ನೇ ಶತಮಾನದಲ್ಲಿ ಒಂಟಿ ಕಂಬದ ಮೇಲೆ ಮುಚ್ಚಳದ ಪೆಟ್ಟಿಗೆ ಕೂರಿಸಿ ಅದನ್ನೇ ಟೀಪಾಯ್ ಎಂದು ಮಾರಿದರು. ಒಳಗೆ ಬೇರೆಬೇರೆ ಚಹಾಪುಡಿಯ ಡಬ್ಬಿಗಳು, ಪುಡಿ ಬೆರೆಸಲು ಗಾಜಿನ ಬಟ್ಟಲು, ಹೊರಗೆ ಬೀಗದ ಕೈ. ಮೂರು ಕಾಲಿನ ಮೇಜು ಹೋಗಿ ಚಹಾದ ಪೆಟ್ಟಿಗೆ ಬಂತು. ಪದಕ್ಕೆ ತಕ್ಕಂತೆ ವಸ್ತುವೇ ಬದಲಾದ ಇಂಥ ಉದಾಹರಣೆ ಸುಲಭಕ್ಕೆ ಸಿಗುವುದಿಲ್ಲ.

ಭಾರತದಲ್ಲಿ ಮೇಜು ಮೇಜಾಗಿಯೇ ಉಳಿಯಿತು, ಕಾಲಿನ ಲೆಕ್ಕ ತಪ್ಪಿತಷ್ಟೆ. 1844ರ ಒಂದು ಇಂಗ್ಲಿಷ್ ಕಾದಂಬರಿಯಲ್ಲೇ ಈ ಮಾತು ಬರುತ್ತದೆ. ಹಿರಿಯನೊಬ್ಬ, ಟೀಪಾಯ್ ಅಂದರೆ ಮೂರು ಕಾಲಿನದು, ನಿನ್ನ ಬಲಗಡೆ ಇರುವಂಥದ್ದು ಎಂದು ವಿವರಿಸುತ್ತಾನೆ. ಇದಕ್ಕೆ ನಾಲ್ಕು ಕಾಲಿವೆಯಲ್ಲ ಎಂದು ಹುಡುಗ ಕೇಳಿದರೆ, ಆದರೂ ಅದು ಟೀಪಾಯೇ ಎನ್ನುತ್ತಾನೆ. ನಿಮ್ಮ ಮನೆಯದಕ್ಕೂ ನಾಲ್ಕೇ ಇರಬೇಕು.

ಕನ್ನಡದಲ್ಲೂ ಮಲಯಾಳದಲ್ಲೂ ಈ ಪದ ಇಂದಿಗೂ ದಿನಬಳಕೆಯದು. ಇಂಗ್ಲಿಷರ ನಾಡಿನಲ್ಲಿ ಹೆಚ್ಚುಕಡಿಮೆ ಮರೆತೇ ಹೋಗಿದೆ. ಹಾಗಾಗಿ ಮುಂದಿನ ಸಲ ಅಲ್ಲಿನ ಅಂಗಡಿಯಲ್ಲಿ ‘ಕಾಫಿ ಟೇಬಲ್’ ಎಂದು ಕೇಳಿ. ಲಂಡನ್ನಿನಲ್ಲಿ ಹಳೆಯ ಪೀಠೋಪಕರಣ ಮಾರುವವರ ಹತ್ತಿರ ಟೀಪಾಯ್ ಎಂದರೆ ಅರ್ಥವಾದೀತು, ಆದರೆ ಅವರು ತೋರಿಸುವುದು ಬೀಗ ಹಾಕಿದ ಚಹಾದ ಪೆಟ್ಟಿಗೆಯನ್ನು.