ಘರ್ಷಣೆಯ ಲೆಕ್ಕ: ಮೊದಲು ಚಿತ್ರ, ಆಮೇಲೆ ಸೂತ್ರ

ಘರ್ಷಣೆ ಎಂಬ ಪದ ಕಂಡ ಕೂಡಲೇ ‘ಗುಣಾಂಕ ಗುಣಿಸು ತೂಕ’ ಎಂದು ಬರೆದುಬಿಡುವ ಚಟ ನನಗೂ ಇತ್ತು. ಆ ಅವಸರದಲ್ಲಿ ಎರಡು ತಪ್ಪುಗಳು ಒಟ್ಟಿಗೇ ನುಸುಳುತ್ತವೆ. ಬಲಚಿತ್ರ ಬರೆದರೆ ಎರಡೂ ಸಿಕ್ಕಿಬೀಳುತ್ತವೆ.

ವಸ್ತುವನ್ನು ಚೌಕವಾಗಿ ಬರೆದು, ಅದರ ಮೇಲೆ ವರ್ತಿಸುವ ಬಲಗಳಿಗೆ ಮಾತ್ರ ಬಾಣ ಹಾಕಿ: ತೂಕ, ನೆಲದ ಲಂಬ ಪ್ರತಿಕ್ರಿಯೆ (ನೆಲ ವಸ್ತುವನ್ನು ಮೇಲಕ್ಕೆ ಒತ್ತುವ ಬಲ), ಎಳೆತ, ಘರ್ಷಣೆ. ವಸ್ತು ನೆಲವನ್ನು ಒತ್ತುವ ಬಲ ಇಲ್ಲಿ ಬರುವುದಿಲ್ಲ. ಅದು ನೆಲದ ಚಿತ್ರಕ್ಕೆ ಸೇರಿದ್ದು.

10 ಕಿ.ಗ್ರಾಂ ಪೆಟ್ಟಿಗೆಯೊಂದು ಸಮತಟ್ಟಾದ ನೆಲದ ಮೇಲಿದೆ. ಗುರುತ್ವ ವೇಗೋತ್ಕರ್ಷವನ್ನು 10 ಮೀ/ಸೆ² ಎಂದಿಟ್ಟುಕೊಂಡರೆ ತೂಕ 100 ನ್ಯೂಟನ್. ಸ್ಥಿತ ಘರ್ಷಣೆಯ (ಜಾರದೆ ನಿಂತಿರುವಾಗಿನದು) ಗುಣಾಂಕ 0.5, ಚಲನ ಘರ್ಷಣೆಯದು (ಜಾರುತ್ತಿರುವಾಗಿನದು) 0.4. ನೆಲಕ್ಕೆ ಸಮಾಂತರವಾಗಿ 40 ನ್ಯೂಟನ್ ಬಲದಿಂದ ಎಳೆದರೆ ಘರ್ಷಣೆ ಎಷ್ಟು? 0.5 × 100 = 50 ಎಂದಿರೋ, ಮುಂದಕ್ಕೆ ಎಳೆದ ಪೆಟ್ಟಿಗೆ ಹಿಂದಕ್ಕೆ ಓಡಬೇಕಾಗುತ್ತದೆ! 50 ಎಂಬುದು ಸ್ಥಿತ ಘರ್ಷಣೆಯ ಗರಿಷ್ಠ ಮಿತಿ ಮಾತ್ರ. ಪೆಟ್ಟಿಗೆ ಅಲುಗದಿರಲು ಬೇಕಾದಷ್ಟು ಬಲವನ್ನೇ ಘರ್ಷಣೆ ಒದಗಿಸುತ್ತದೆ. ಉತ್ತರ 40.

ಮಿತಿಯನ್ನೇ ಘರ್ಷಣೆ ಎಂದುಕೊಳ್ಳುವುದು ಮೊದಲ ತಪ್ಪು. ಎರಡನೆಯ ತಪ್ಪು ಲಂಬ ಪ್ರತಿಕ್ರಿಯೆಯನ್ನು ತೂಕಕ್ಕೆ ಸಮ ಎಂದು ಭಾವಿಸುವುದು. ಗುಣಾಂಕದಿಂದ ಗುಣಿಸಬೇಕಾದದ್ದು ತೂಕವನ್ನಲ್ಲ, ಲಂಬ ಪ್ರತಿಕ್ರಿಯೆಯನ್ನು. ಅದೇ ಪೆಟ್ಟಿಗೆಯನ್ನು 50 ನ್ಯೂಟನ್ ಬಲದಿಂದ, ಸುಮಾರು 37 ಡಿಗ್ರಿ ಓರೆಯಾಗಿ ಮೇಲ್ಮುಖವಾಗಿ ಎಳೆಯಿರಿ. ಬಾಣವನ್ನು ಒಡೆದರೆ ಮುಂದಕ್ಕೆ 40, ಮೇಲಕ್ಕೆ 30. ಮುಂದಕ್ಕೆಳೆಯುವ ಪಾಲು ಮೊದಲಿನಷ್ಟೇ ಇದೆ. ಆದರೆ ಹಗ್ಗ ಒಂದಿಷ್ಟು ಭಾರ ಹೊತ್ತುಕೊಂಡದ್ದರಿಂದ ಲಂಬ ಪ್ರತಿಕ್ರಿಯೆ 70ಕ್ಕೆ ಇಳಿಯಿತು, ಘರ್ಷಣೆಯ ಮಿತಿ 35ಕ್ಕೆ. 40 ಅದನ್ನು ಮೀರುವುದರಿಂದ ಪೆಟ್ಟಿಗೆ ಜಾರುತ್ತದೆ. ಜಾರಿದ ಮೇಲೆ ಚಲನ ಘರ್ಷಣೆ 28. ಉಳಿದ 12 ನ್ಯೂಟನ್ ಬಲ 1.2 ಮೀ/ಸೆ² ವೇಗೋತ್ಕರ್ಷ ಕೊಡುತ್ತದೆ. ಅಷ್ಟೇ ಬಲದಿಂದ, ಅಷ್ಟೇ ಓರೆಯಾಗಿ ಕೆಳಮುಖವಾಗಿ ತಳ್ಳಿದರೆ? ಲಂಬ ಪ್ರತಿಕ್ರಿಯೆ 130, ಮಿತಿ 65. ಪೆಟ್ಟಿಗೆ ಕದಲುವುದಿಲ್ಲ, ಘರ್ಷಣೆ ಮತ್ತೆ 40. ಈ ಮೂರು ಚಿತ್ರಗಳನ್ನು ಅಕ್ಕಪಕ್ಕ ಬರೆದು ನೋಡಿದ ದಿನವೇ ನನಗೆ ಈ ಪಾಠ ಹತ್ತಿದ್ದು.

ಘರ್ಷಣೆಯ ಬಾಣವನ್ನು ಯಾವಾಗಲೂ ಚಲನೆಗೆ ಎದುರಾಗಿಯೇ ಹಾಕಬೇಕೆಂದಿಲ್ಲ. ಅದು ತಡೆಯುವುದು ತಾಗಿರುವ ಎರಡು ಮೇಲ್ಮೈಗಳ ನಡುವಿನ ಜಾರುವಿಕೆಯನ್ನು. ವೇಗ ಹೆಚ್ಚಿಸಿಕೊಳ್ಳುತ್ತಿರುವ ಲಾರಿಯಲ್ಲಿ ಜಾರದೆ ನಿಂತ ಪೆಟ್ಟಿಗೆಯನ್ನು ಮುಂದಕ್ಕೆ ಒಯ್ಯುವುದು ಘರ್ಷಣೆಯೇ.

ಇಳಿಜಾರಾದರೆ ಅಕ್ಷಗಳನ್ನೇ ಇಳಿಜಾರಿನ ಗುಂಟ ತಿರುಗಿಸಿ. ಒಡೆಯಬೇಕಾದದ್ದು ತೂಕದ ಬಾಣವೊಂದೇ. ಜಾರುವ ಅಂಚಿನಲ್ಲಿ ಇಳಿಜಾರಿನ ಕೋನದ ಟ್ಯಾನ್ ಬೆಲೆ ಸ್ಥಿತ ಘರ್ಷಣಾ ಗುಣಾಂಕಕ್ಕೆ ಸಮ. ನಮ್ಮ 0.5ಕ್ಕೆ ಆ ಕೋನ ಸುಮಾರು 27 ಡಿಗ್ರಿ, ಪೆಟ್ಟಿಗೆ 10 ಕಿ.ಗ್ರಾಂ ಇದ್ದರೂ 100 ಇದ್ದರೂ.