ಮುಳುಗಿದ ಮರಗಳು ಕಲಿಸಿದ ಗಾಳ

ಕನ್ನಡದಲ್ಲಿ ಎರೆ ಎಂದರೆ ಗಾಳಕ್ಕೆ ಸಿಕ್ಕಿಸುವ ಆಹಾರವೂ ಹೌದು, ಮಣ್ಣಿನ ಹುಳುವೂ ಹೌದು. ಆ ಹುಳುವನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದವರು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿನ ನಿಕ್ ಕ್ರೀಮ್. 1949ರಲ್ಲಿ ಅವರೂ ಪತ್ನಿ ಕಾಸ್ಮಾ ಅವರೂ ಅಡುಗೆಮನೆಯ ಒಲೆಯ ಮೇಲೆ ವಿನೈಲ್, ಎಣ್ಣೆ, ಬಣ್ಣಗಳನ್ನು ಕಾಯಿಸಿ ಎರೆಹುಳುವಿನ ಅಚ್ಚಿಗೆ ಸುರಿದರು. 1951ರ ಹೊತ್ತಿಗೆ ಡಾಲರಿಗೆ ಐದರಂತೆ ಈ ಹುಳುಗಳು ಅಂಚೆಯಲ್ಲಿ ಮಾರಾಟವಾಗುತ್ತಿದ್ದವು.

ಹುಳುವೇನೋ ಸಿಕ್ಕಿತು. ಅದನ್ನು ಗಾಳಕ್ಕೆ ಪೋಣಿಸುವ ಸರಿಯಾದ ಬಗೆ ಸಿಕ್ಕಿದ್ದು ಮಾತ್ರ ಟೆಕ್ಸಾಸಿನಲ್ಲಿ, ಅದೂ ಅಣೆಕಟ್ಟುಗಳ ದೆಸೆಯಿಂದ. ಸ್ಯಾಮ್ ರೇಬರ್ನ್, ಟೊಲೆಡೊ ಬೆಂಡ್‌ನಂಥ ಜಲಾಶಯಗಳು 1960ರ ದಶಕದಲ್ಲಿ ತುಂಬಿಕೊಂಡಾಗ ಎಷ್ಟೋ ಕಾಡು ನಿಂತಲ್ಲೇ ಮುಳುಗಿತು. ಅಲ್ಲಿನವರು ಗಾಳ ಹಾಕುವುದು ಬಾಸ್ ಎಂಬ ಸಿಹಿನೀರಿನ ಮೀನಿಗೆ. ಅದು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಮರೆಯಲ್ಲಿ ಹೊಂಚು ಹಾಕುವುದೇ ಹೆಚ್ಚು. ಅದಕ್ಕೆ ಈ ಬೊಡ್ಡೆ, ಕೊಂಬೆಗಳು ಅರಮನೆಯಾದವು. ಮೊನೆ ಹೊರಗೆ ಚಾಚಿದ ಗಾಳ ಅಲ್ಲಿಗಿಳಿದರೆ ಮೀನಿಗಿಂತ ಮೊದಲು ಮರವನ್ನೇ ಹಿಡಿಯುತ್ತಿತ್ತು. ಹಾಗಾಗಿ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸುವ ಕೌಶಲ ಬೆಳೆಯಿತು. ಯಾರೊಬ್ಬರ ಹೆಸರಿಗೂ ಬರೆಯಲಾಗದ ಈ ಕೌಶಲಕ್ಕೆ ಟೆಕ್ಸಾಸ್ ರಿಗ್, ಅಂದರೆ ಟೆಕ್ಸಾಸ್ ಕಟ್ಟು, ಎಂಬ ಹೆಸರು ನಿಂತಿತು.

ಕಟ್ಟುವ ಕ್ರಮ ಹೀಗೆ. ದಾರಕ್ಕೆ ಮೊದಲು ಬಂದೂಕಿನ ಗುಂಡಿನ ಆಕಾರದ ತೂಕ, ಆಮೇಲೆ ಗಾಳ. ಗಾಳದ ಮೊನೆಯನ್ನು ಹುಳುವಿನ ತಲೆಯೊಳಕ್ಕೆ ಅರ್ಧ ಸೆಂಟಿಮೀಟರಿನಷ್ಟು ಚುಚ್ಚಿ, ಪಕ್ಕದಿಂದ ಹೊರಗೆ ತೆಗೆದು, ಗಾಳದ ಕಣ್ಣು ತಲೆಗೆ ತಾಗುವವರೆಗೂ ಎಳೆಯಬೇಕು. ಅರ್ಧ ಸುತ್ತು ತಿರುಗಿಸಿದರೆ ಮೊನೆ ಹುಳುವಿನ ಮೈಗೆ ಮುಖ ಮಾಡುತ್ತದೆ. ಹುಳುವನ್ನು ನೇತುಬಿಟ್ಟು, ಗಾಳದ ಬಾಗು ನಿಲ್ಲುವ ಜಾಗವನ್ನು ಉಗುರಿನಿಂದ ಗುರುತು ಮಾಡಿಕೊಂಡು ಅಲ್ಲಿಗೇ ಚುಚ್ಚಬೇಕು. ಗುರುತು ತಪ್ಪಿದರೆ ಹುಳು ಸೊಟ್ಟಗಾಗಿ, ನೀರಿನಲ್ಲಿ ಗಿರಗಿರ ತಿರುಗಿ, ದಾರಕ್ಕೆ ಹುರಿ ಹಾಕಿಬಿಡುತ್ತದೆ. ಮೀನು ಕಚ್ಚಿ, ಹಿಡಿದವರು ಕೋಲನ್ನು ಜಗ್ಗಿದಾಗ ಮೆತ್ತನೆಯ ಮೈ ಕುಗ್ಗಿ ಮೊನೆ ಹೊರಬರುತ್ತದೆ. ದಟ್ಟ ಕೊಂಬೆಗಳ ನಡುವೆ ತೂಕ ಮುಂದೆ ಓಡಿ ಹುಳು ಹಿಂದೆ ಉಳಿಯದಂತೆ, ತೂಕದ ತೂತಿಗೆ ಹಲ್ಲುಕಡ್ಡಿಯ ಚೂರೊಂದನ್ನು ಸಿಕ್ಕಿಸಿ ಮುರಿಯುವ ರೂಢಿಯೂ ಬಂತು. ಬಡಪಾಯಿ ಹಲ್ಲುಕಡ್ಡಿ ಮಾಡುವ ಆ ಕೆಲಸ ನನಗೆ ತುಂಬಾ ಇಷ್ಟ.

ಮರಗಳಿಲ್ಲದ ಬಯಲು ನೀರಿಗೆ ಬೇರೆ ಲೆಕ್ಕ. ತೂಕವನ್ನು ಗಾಳಕ್ಕಿಂತ ಎರಡು ಮೂರು ಅಡಿ ಮೇಲಿಟ್ಟು, ಹುಳುವನ್ನು ಹಿಂದೆ ತೇಲಲು ಬಿಡುವುದು ಕೆರೊಲಿನಾ ರಿಗ್. 1985ರ ಬಾಸ್‌ಮಾಸ್ಟರ್ ಕ್ಲಾಸಿಕ್ ಎಂಬ ಬಾಸ್ ಹಿಡಿಯುವ ಪಂದ್ಯವನ್ನು ಜ್ಯಾಕ್ ಚಾನ್ಸಲರ್ ಈ ಕಟ್ಟಿನಿಂದಲೇ ಗೆದ್ದ ಮೇಲೆ ಅದಕ್ಕೆ ಬೆಲೆ ಬಂತು. 1990ರ ದಶಕದಲ್ಲಿ ಗ್ಯಾರಿ ಯಮಾಮೊಟೊ ಅವರ ಸೆಂಕೊ ಎಂಬ ಮೆತ್ತನೆಯ ಪ್ಲಾಸ್ಟಿಕ್ ಹುಳು ಬಂದಾಗ ತೂಕವೇ ಬೇಡವಾಯಿತು. ಪೆನ್ನಿನಂತಿರುವ ಈ ಕಡ್ಡಿಯೊಳಗೆ ಉಪ್ಪು ತುಂಬಿರುತ್ತದೆ. ನಟ್ಟನಡುವೆ ಗಾಳ ಚುಚ್ಚಿ ಬಿಟ್ಟರೆ ಎರಡೂ ತುದಿ ಅಲುಗಾಡಿಸುತ್ತ ನಿಧಾನ ಮುಳುಗುತ್ತದೆ.

ಆದರೆ ಈ ಮೆತ್ತನೆಯ ಹುಳು ಬೇಗ ಹರಿದುಹೋಗುತ್ತದೆ. ಒಂದೆರಡು ಮೀನಿಗೇ ತುಂಡಾದ ಹುಳುವನ್ನು ದೋಣಿಯಿಂದ ನೀರಿಗೆ ಎಸೆಯುವುದು ದೊಡ್ಡ ತಪ್ಪು. ಅದು ಕೊಳೆಯುವುದಿಲ್ಲ, ಕೆರೆಯ ತಳದಲ್ಲಿ ಉಬ್ಬಿಕೊಂಡು ಬಿದ್ದಿರುತ್ತದೆ, ಮೀನಿನ ಹೊಟ್ಟೆ ಸೇರುತ್ತದೆ. 2013ರಲ್ಲಿ ಅಮೆರಿಕದ ಮೇನ್ ರಾಜ್ಯದ ಶಾಸನಸಭೆಯ ಮುಂದೆ ಇಂಥ ಎರೆಗಳನ್ನೇ ನಿಷೇಧಿಸುವ ಮಸೂದೆ ಬಂದಿತ್ತು. ನಿಷೇಧ ಜಾರಿಯಾಗಲಿಲ್ಲ, ಆದರೆ ಆ ದೂರು ಸುಳ್ಳಲ್ಲ. ಹುಳುವಿಗೆ ರಬ್ಬರ್ ಉಂಗುರ ತೊಡಿಸಿ ಗಾಳವನ್ನು ಅದರಡಿ ತೂರಿಸಿದರೆ ಮೈ ಹರಿಯುವುದು ಕಡಿಮೆಯಾಗುತ್ತದೆ. ಹರಿದವನ್ನು ಡಬ್ಬಿಯಲ್ಲಿ ಕೂಡಿಟ್ಟು, ಗಾಳಿಯಾಡುವ ಜಾಗದಲ್ಲಿ, ಸುಟ್ಟು ಕರಕಲಾಗದಂತೆ ಎಚ್ಚರದಿಂದ ಕರಗಿಸಿ, ಮತ್ತೆ ಅಚ್ಚಿಗೆ ಹೊಯ್ಯುವವರೂ ಇದ್ದಾರೆ.